ಟ್ರ್ಯಾಕ್‌ಗೆ ನಾಲ್ಕು, ರಸ್ತೆಗೆ ನಾಲ್ಕು

ಪ್ರಶ್ನೆ: ನನ್ನದು ಫೋಕ್ಸ್‌ವ್ಯಾಗನ್ ಪೋಲೊ ಜಿಟಿ. ಆಗಾಗ ಗೆಳೆಯರೊಂದಿಗೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕ್‌ಗೆ ಹೋಗಿ ಕಾರು ಓಡಿಸುತ್ತೇನೆ. ಹೋಗಿ ಬಂದಾಗಲೆಲ್ಲ ದಿನನಿತ್ಯದ ಟೈರುಗಳೇ ಸವೆಯುತ್ತಿವೆ. ಇನ್ನೊಂದು ಸೆಟ್ ಟೈರ್ ಕೊಂಡು ಇದೇ ರಿಮ್‌ಗಳಿಗೆ ಬದಲಾಯಿಸಿಕೊಂಡರೆ ಸಾಲದೇ? ನಮ್ಮದು ಮೂರನೇ ಮಹಡಿಯ ಫ್ಲ್ಯಾಟ್. ಬಾಲ್ಕನಿಯಲ್ಲಿ ಟೈರ್ ಇಡಲು ಮನೆಯಲ್ಲಿ ಒಪ್ಪುತ್ತಿಲ್ಲ.
– ಓದುಗರು, ಬೆಂಗಳೂರು

ಉತ್ತರ: ಬಾಲ್ಕನಿಯ ವಿಷಯದಲ್ಲಿ ನಾನು ನಿಮ್ಮ ಮನೆಯವರ ಪರ. ಅವರ ಕಾರಣ ಬೇರೆ ಇರಬಹುದು, ನನ್ನದು ಬಿಸಿಲು. ಬಿಸಿಲಿಗೆ ರಬ್ಬರ್ ಒಣಗಿ ಟೈರಿನ ಪಕ್ಕದ ಗೋಡೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಮೂಡುತ್ತವೆ. ನೆಲಮಹಡಿಯಲ್ಲಿ ನೀರಿನ ಪಂಪಿನ ಪಕ್ಕದ ಜಾಗವೂ ಬೇಡ. ಮೋಟಾರಿನ ಕಿಡಿಯಿಂದ ಹುಟ್ಟುವ ಓಝೋನ್ ಬಿಸಿಲಿನಷ್ಟೇ ಕೆಟ್ಟದ್ದು. ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಂಚದ ಕೆಳಗೆ ತಳ್ಳಿದರೂ ನಡೆಯುತ್ತದೆ, ಅದಕ್ಕೆ ಮನೆಯಲ್ಲಿ ಒಪ್ಪಿಸುವ ಹೊಣೆ ನಿಮ್ಮದು. ರಿಮ್ ಸಹಿತ ಇರುವ ಚಕ್ರಗಳನ್ನು ಮಲಗಿಸಿ ಒಂದರ ಮೇಲೊಂದು ಪೇರಿಸಿ. ಬರೀ ಟೈರನ್ನು ಮಾತ್ರ ನಿಲ್ಲಿಸಿಡಿ, ತಿಂಗಳಿಗೊಮ್ಮೆ ತಿರುಗಿಸಿಡಿ.

ಈಗ ರಿಮ್. ಪ್ರತಿ ಸಲ ಬಿಚ್ಚಿ ಹಾಕಿಸುವ ಯೋಚನೆ ಬಿಡಿ. ಎರಡು ಮೂರು ಸಲ ಯಂತ್ರಕ್ಕೆ ಕೊಟ್ಟರೆ ಟೈರಿನ ಅಂಚು ಹರಿಯುವ ಭಯ, ರಿಮ್‌ನ ಮೇಲೆ ಗೀರು, ಪ್ರತಿ ಸಲವೂ ಹೊಸದಾಗಿ ಬ್ಯಾಲೆನ್ಸಿಂಗ್. ಮೊದಲು ನಾಲ್ಕು ರಿಮ್ ಕೊಳ್ಳಿ, ಟೈರಿನ ಆಸೆ ಆಮೇಲೆ. ಈಗ ನಿಮ್ಮ ಕಾರಿನಲ್ಲಿರುವುದು 16 ಇಂಚಿನದ್ದಾದರೂ ಟ್ರ್ಯಾಕ್‌ಗೆ 15 ಸಾಕು. ಜಿಟಿಯ ಪೆಟ್ರೋಲ್ ಮಾದರಿಯಾದ ಟಿಎಸ್‌ಐ ಶುರುವಿನಲ್ಲಿ 185/60 ಆರ್15, ಅಂದರೆ 15 ಇಂಚಿನ ರಿಮ್‌ನ ಟೈರಿನೊಂದಿಗೇ ಬರುತ್ತಿತ್ತು. ಟೈರ್ ಅಗ್ಗ, ಎತ್ತುವಾಗ ಬೆನ್ನಿಗೂ ಹಗುರ. ಸ್ಪೀಡೋಮೀಟರ್ ಮಾತ್ರ ಸ್ವಲ್ಪ ಹೆಚ್ಚು ತೋರಿಸುತ್ತದೆ.

ಅಂಗಡಿಯವರು ‘ಕೂರುತ್ತದೆ ಸರ್’ ಎಂದ ಮಾತ್ರಕ್ಕೆ ದುಡ್ಡು ಕೊಡಬೇಡಿ. ಪೋಲೊಗೆ ಐದು ಬೋಲ್ಟು, ಅವುಗಳ ವೃತ್ತದ ವ್ಯಾಸ 100 ಮಿ.ಮೀ., ನಡುವಿನ ರಂಧ್ರ 57.1 ಮಿ.ಮೀ. ಹೊರಗಿನ ಅಲಾಯ್‌ಗಳ ರಂಧ್ರ ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದು, ಸಂದು ತುಂಬಲು ಬಳೆ ಹಾಕಬೇಕು. ಪ್ಲಾಸ್ಟಿಕ್ ಬಳೆ ಟ್ರ್ಯಾಕ್‌ನ ಬ್ರೇಕ್ ಬಿಸಿಗೆ ಮೆತ್ತಗಾಗುತ್ತದೆ, ಅಲ್ಯೂಮಿನಿಯಮ್‌ನದ್ದೇ ಕೇಳಿ. ಇನ್ನು ಬೋಲ್ಟು. ಕಂಪನಿಯ ಬೋಲ್ಟಿನ ಕತ್ತು ಗುಂಡಗಿರುತ್ತದೆ, ಹೊರಗಿನ ಬಹುತೇಕ ರಿಮ್‌ಗಳಿಗೆ ಇಳಿಜಾರು ಕತ್ತಿನದ್ದು ಬೇಕು. ಅದಲು ಬದಲಾದರೆ ಬಿಗಿ ಕೈಗೆ ಗೊತ್ತಾಗುತ್ತದೆ, ಹಿಡಿತ ಮಾತ್ರ ಇರುವುದಿಲ್ಲ. ಆದ್ದರಿಂದ ಎರಡು ಸೆಟ್ ರಿಮ್‌ಗೆ ಎರಡು ಡಬ್ಬಿ ಬೋಲ್ಟು, ಡಬ್ಬಿಯ ಮೇಲೆ ಹೆಸರು. ಟಾರ್ಕ್ ರೆಂಚಿನಲ್ಲಿ 120 ನ್ಯೂಟನ್ ಮೀಟರ್‌ಗೆ ಬಿಗಿಸಿ, ಮೊದಲ ಓಟದ ನಂತರ ಚಕ್ರ ತಣಿದ ಮೇಲೆ ಮತ್ತೆ ನೋಡಿ. ಪಾನಾದ ಮೇಲೆ ಹತ್ತಿ ನಿಂತು ಬಿಗಿಸುವ ನಮ್ಮೂರ ಪದ್ಧತಿಗೆ ಇಲ್ಲಿ ಜಾಗವಿಲ್ಲ.

ಇರುಂಗಾಟ್ಟುಕೋಟೈ ಟ್ರ್ಯಾಕ್‌ನ ಸುತ್ತು ಸುಮಾರು 3.7 ಕಿ.ಮೀ., ಓಟ ಗಡಿಯಾರದ ದಿಕ್ಕಿಗೆ. ಬಲ ತಿರುವುಗಳದ್ದೇ ಮೇಲುಗೈ, ಹಾಗಾಗಿ ಭಾರವೆಲ್ಲ ಎಡಕ್ಕೆ. ಅದರಲ್ಲೂ ನಿಮ್ಮದು ಮುಂದಿನ ಚಕ್ರಗಳಿಂದ ಓಡುವ ಕಾರು. ಎಂಜಿನ್ನಿನ ಎಳೆತ, ಬ್ರೇಕು, ತಿರುವು ಎಲ್ಲವನ್ನೂ ಹೊರುವ ಎಡ ಮುಂದಿನ ಟೈರು ಮೊದಲು ಸಾಯುತ್ತದೆ. ಒಂದೇ ದಿಕ್ಕಿಗೆ ತಿರುಗಬೇಕೆಂಬ ಬಾಣದ ಗುರುತಿರುವ ಟೈರನ್ನು ರಿಮ್‌ನಿಂದ ಬಿಚ್ಚದೆ ಎಡಬಲ ಬದಲಿಸಲಾಗದು. ಅಂಥದ್ದನ್ನು ಕೊಳ್ಳಲೇಬೇಡಿ. ಕೆಲವರು ಮುಂದಿನ ಎರಡಕ್ಕೆ ಮಾತ್ರ ಒಳ್ಳೆಯ ಟೈರ್ ಕೊಂಡು ಉಳಿತಾಯ ಮಾಡಿದೆವು ಎನ್ನುತ್ತಾರೆ. ಮುಂಭಾಗ ಕಚ್ಚಿ ಹಿಡಿದು ಹಿಂಭಾಗ ಜಾರಿದರೆ ವೇಗದ ತಿರುವಿನಲ್ಲಿ ಕಾರು ಬುಗುರಿಯಾಗುತ್ತದೆ. ಕೊಂಡರೆ ನಾಲ್ಕೂ ಒಂದೇ ಬಗೆಯವು.

ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಸುಮಾರು 300 ಕಿ.ಮೀ. ಹೋಗುವುದು ರಸ್ತೆಯ ಟೈರಿನಲ್ಲೇ ಇರಲಿ. ಹಿಂದಿನ ಸೀಟು ಮಡಚಿದರೆ ನಾಲ್ಕು ಚಕ್ರ ಹಿಡಿಸುತ್ತವೆ, ಆದರೆ ಬಿಗಿಯಾಗಿ ಬೆಲ್ಟ್ ಕಟ್ಟಿ. ಒಂದೊಂದೂ ಹದಿನೈದು ಕಿಲೋ ಮೀರುತ್ತದೆ. ಬ್ರೇಕ್ ಹಾಕಿದಾಗ ಅದು ನಿಮ್ಮ ತಲೆಯ ಕಡೆಗೇ ಬರುವುದು.

ಚಕ್ರ ಬದಲಿಸದೆ ಒಂದೇ ಸೆಟ್‌ನಲ್ಲಿ ಹೋಗಿ ಬರುವವರು ಇದನ್ನು ಗಮನಿಸಬೇಕು. ತಣ್ಣಗಿದ್ದಾಗ 32 ಪಿಎಸ್‌ಐ ಇದ್ದ ಗಾಳಿ ಕೆಲವು ಸುತ್ತುಗಳಲ್ಲೇ 38 ದಾಟಬಹುದು. ಹಿಡಿತ ಹೋಯಿತೆಂದು ಬಿಸಿಯಲ್ಲೇ ಗಾಳಿ ಬಿಡುತ್ತೇವೆ, ಅದು ಸರಿ. ಸಂಜೆ ಆ ಟೈರು ತಣಿದಾಗ 26ಕ್ಕೆ ಇಳಿದಿರುತ್ತದೆ. ಹಾಗೆಯೇ ಹೆದ್ದಾರಿಗೆ ಇಳಿದು ನೂರರಲ್ಲಿ ಹೋದರೆ ಪಕ್ಕದ ಗೋಡೆ ಮಡಚಿ ಬಿಸಿಯಾಗಿ ಸಿಡಿಯಬಹುದು. ಸಣ್ಣ ಗಾಳಿ ಪಂಪು ಮತ್ತು ನಂಬಿಕೆಯ ಗೇಜ್ ಡಿಕ್ಕಿಯಲ್ಲಿರಲಿ, ಹೊರಡುವ ಮುನ್ನ ಗಾಳಿ ತುಂಬಿ.

ಕೊನೆಗೆ ಒಂದು ನೋಟ್‌ಬುಕ್. ಪ್ರತಿ ಟೈರಿಗೂ ಒಂದು ಪುಟ: ಯಾವ ಮೂಲೆಯಲ್ಲಿತ್ತು, ಎಷ್ಟು ಓಟ ಓಡಿತು, ತಯಾರಾದ ವಾರ ಯಾವುದು. ಪಕ್ಕದ ಗೋಡೆಯಲ್ಲಿ 2324 ಎಂದಿದ್ದರೆ 2024ರ 23ನೇ ವಾರ. ಪದೇ ಪದೇ ಕಾದು ತಣಿದ ರಬ್ಬರ್ ಗಟ್ಟಿಯಾಗುತ್ತದೆ. ಹೂವು, ಅಂದರೆ ಟೈರಿನ ಮೇಲ್ಮೈಯ ಗಾಡಿಗಳ ವಿನ್ಯಾಸ, ಇನ್ನೂ ಇರುವಾಗಲೇ ಹಿಡಿತ ಹೋಗಿರುತ್ತದೆ, ಅದು ಕಣ್ಣಿಗೆ ಕಾಣದು, ಪುಟದಲ್ಲಿ ಕಾಣುತ್ತದೆ.

ಪ್ರಶ್ನೆ: ತೂಕ ಉಳಿಸಲು ಸ್ಟೆಪ್ನಿಯನ್ನು ಮನೆಯಲ್ಲೇ ಬಿಟ್ಟು ಹೋಗಬಹುದೇ?
– ಓದುಗರು, ಮೈಸೂರು

ಉತ್ತರ: ಟ್ರ್ಯಾಕ್‌ಗೆ ಇಳಿಯುವಾಗ ತೆಗೆದಿಡಿ, ದಾರಿಯಲ್ಲಿ ಬೇಕೇ ಬೇಕು. ಸ್ಟೆಪ್ನಿ ಚಿಕ್ಕ ಅಳತೆಯದ್ದಾಗಿದ್ದು ಮುಂದಿನ ಚಕ್ರ ಪಂಕ್ಚರ್ ಆದರೆ, ಹಿಂದಿನದನ್ನು ಮುಂದಕ್ಕೆ ಹಾಕಿ ಸ್ಟೆಪ್ನಿಯನ್ನು ಹಿಂದಕ್ಕೆ ಹಾಕಿ. ಅದರ ಮೇಲೆ ಬರೆದ ವೇಗ ಮೀರಬೇಡಿ.

ಪ್ರಶ್ನೆ: ಟ್ರ್ಯಾಕ್‌ನಲ್ಲಿ ಅರ್ಧ ಸವೆದ ಟೈರುಗಳನ್ನು ಅಪ್ಪನ ಕಾರಿಗೆ ಹಾಕಿಸಿದರೆ ಹೇಗೆ?
– ಓದುಗರು, ಹಾಸನ

ಉತ್ತರ: ಅಪ್ಪ ಶಿರಾಡಿ ಘಾಟಿಯಲ್ಲಿ ಮಳೆಗಾಲದಲ್ಲೂ ಓಡಾಡುತ್ತಾರೆ ತಾನೇ? ಟ್ರ್ಯಾಕ್‌ನ ಟೈರು ಭುಜದಲ್ಲಿ, ಅಂದರೆ ಹೊರ ಅಂಚಿನಲ್ಲಿ, ಸವೆದಿರುತ್ತದೆ, ನಡುಭಾಗ ನೋಡಿದರೆ ಹೊಸದರಂತಿರುತ್ತದೆ. ನಡುವೆ ಹೂವಿನ ಆಳ ಅಳೆದು ಕಾನೂನಿನ 1.6 ಮಿ.ಮೀ. ಇದೆ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಗುಜರಿಗೆ ಕೊಡಿ, ಅಪ್ಪನಿಗೆ ಹೊಸದು ಕೊಡಿಸಿ.