ಹಿಂಬರಹ ಬರೆದು ವಾಪಸು ಕಳಿಸುವ ವಿದ್ಯೆ

ಈ ಸಲದ ಅಂಚೆಯಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ಕೂರಿಸಿದ್ದು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಿಂದ ಬಂದ ನಾಲ್ಕು ಪುಟಗಳ ಪತ್ರ. ಬರೆದವರು ಪೊಲೀಸ್ ಇಲಾಖೆಗೆ ಪೇದೆಯಾಗಿ ಸೇರಿ, ಮೂವತ್ತನಾಲ್ಕು ವರ್ಷ ದುಡಿದು, ಸಬ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಪೊಲೀಸರ ಮೇಲಿನ ದೂರುಗಳನ್ನು ವಿಚಾರಿಸುವ ಪೊಲೀಸ್ ದೂರು ಪ್ರಾಧಿಕಾರವನ್ನು ಬಲಪಡಿಸಬೇಕೆಂದು ಹಿಂದಿನ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನ ಅವರನ್ನು ನೋಯಿಸಿದೆ. ಇಲಾಖಾ ವಿಚಾರಣೆ ಇದೆ, ಮ್ಯಾಜಿಸ್ಟ್ರೇಟರಿದ್ದಾರೆ, ಲೋಕಾಯುಕ್ತವಿದೆ, ಮಾನವ ಹಕ್ಕುಗಳ ಆಯೋಗವಿದೆ, ಈಗ ಠಾಣೆಯ ಮೂಲೆಮೂಲೆಗೂ ಸಿಸಿಟಿವಿ ಬಂದಿದೆ. ಇಷ್ಟರ ಮೇಲೆ ಇನ್ನೊಂದು ಪ್ರಾಧಿಕಾರವೆಂದರೆ ಕಳ್ಳನ ಹಿಂದೆ ಓಡುವವನ ಕಾಲಿಗೆ ಹಗ್ಗ ಕಟ್ಟಿದಂತಲ್ಲವೇ ಎಂದು ಅವರು ಕೇಳುತ್ತಾರೆ. "ಹದಿನಾರು ಗಂಟೆ ಬಂದೋಬಸ್ತಿನಲ್ಲಿ ನಿಂತು ನೋಡಿ, ಆಮೇಲೆ ಬರೆಯಿರಿ" ಎಂಬ ಮಾತೂ ಇದೆ.

ಮಾನ್ಯರೇ, ಆ ಕೊನೆಯ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ನಾನು ನಿಂತಿಲ್ಲ. ವಾರದ ರಜೆಯೂ ಸಿಗದೆ, ಹಬ್ಬದ ದಿನ ಊರವರ ಮೆರವಣಿಗೆಗೆ ಕಾವಲು ನಿಂತು, ಮನೆಯ ಹಬ್ಬವನ್ನು ಮರುದಿನ ಮಾಡಿಕೊಳ್ಳುವವರ ಕಷ್ಟವನ್ನು ಕುರ್ಚಿಯಲ್ಲಿ ಕುಳಿತವನು ಅಳೆಯುವುದು ಸಲ್ಲದು. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕುತ್ತೇವೆಂದು ರಾಜ್ಯದ ಪೊಲೀಸ್ ಸಿಬ್ಬಂದಿ ಹೇಳಿದಾಗ, ಅದರ ಮುಂದಾಳಾಗಿದ್ದವರ ಮೇಲೆ ರಾಜದ್ರೋಹದ ಪ್ರಕರಣ ಹಾಕಿದ್ದನ್ನು ಈ ಪತ್ರಿಕೆ ಮರೆತಿಲ್ಲ. ಸಂಬಳ, ರಜೆ, ಮೇಲಧಿಕಾರಿಗಳ ಕಿರುಕುಳ ಎಂದು ಬಾಯಿ ತೆರೆದವರಿಗೆ ಸಿಕ್ಕ ಉತ್ತರ ಅದು. ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ ನಾರಾಯಣ ಮುಲ್ಲಾ ಅವರು 1961ರಲ್ಲಿ ಪೊಲೀಸರ ಬಗ್ಗೆ ಬರೆದ ಕಟುವಾದ ವಾಕ್ಯವನ್ನು ಪತ್ರಕರ್ತರು ಜಪಮಾಲೆಯಂತೆ ಎಣಿಸುತ್ತಾರೆಂದು ತಾವು ಸಿಡುಕಿರುವುದೂ ಸರಿಯೇ. ಆ ಮಾತನ್ನು ಸುಪ್ರೀಂ ಕೋರ್ಟ್ ದಾಖಲೆಯಿಂದ ತೆಗೆಸಿಹಾಕಿತು. ನಾನೂ ಅದನ್ನು ಇಲ್ಲಿ ಉದ್ಧರಿಸುವುದಿಲ್ಲ.

ಆದರೆ ತಾವು ಕೊಟ್ಟಿರುವ ಬಾಗಿಲುಗಳ ಪಟ್ಟಿಯ ಬಗ್ಗೆ ನನಗೆ ಹೇಳುವುದಿದೆ. ಬಾಗಿಲು ಎಷ್ಟಿವೆ ಎಂಬುದಕ್ಕಿಂತ, ಒಳಗೆ ಕೊಟ್ಟ ಕಾಗದ ಕೊನೆಗೆ ಯಾರ ಮೇಜಿಗೆ ಹೋಗಿ ಬೀಳುತ್ತದೆ ಎಂಬುದು ಮುಖ್ಯವೆಂದು ನಾನು ಬಹಳ ಹಿಂದೆಯೇ ಕಲಿತೆ.

1987ರ ಮಳೆಗಾಲ. ಬಾಡಿಗೆ ಮನೆಯ ಮುಂದೆ ಬೀಗ ಹಾಕಿ ನಿಲ್ಲಿಸಿದ್ದ ನನ್ನ ಸ್ಕೂಟರು ಬೆಳಗಾಗುವಷ್ಟರಲ್ಲಿ ಇರಲಿಲ್ಲ. ಠಾಣೆಗೆ ಹೋದೆ. ಠಾಣೆಯ ಕಾಗದಪತ್ರ ಬರೆಯುವ ಸ್ಟೇಷನ್ ರೈಟರ್ ಸಜ್ಜನರು, ಕೂರಿಸಿ, ಚಹಾ ತರಿಸಿ, ನನ್ನ ಅರ್ಜಿಯನ್ನು ಎರಡು ಸಲ ಓದಿ, ಪೆನ್ನಿನ ತುದಿಯನ್ನು ಒಂದು ಪದದ ಮೇಲಿಟ್ಟು ಹೇಳಿದರು: "ಸಾರ್, 'ಕಳವಾಗಿದೆ' ಅಂತ ಬೇಡ, 'ಕಳೆದುಹೋಗಿದೆ' ಅಂತ ಬರ್ಕೊಡಿ. ನಿಮಗೂ ಸುಲಭ, ನಮಗೂ ಸುಲಭ." ಕನ್ನಡ ಎಂ.ಎ. ಮಾಡಿ ಆಗಷ್ಟೇ ಪತ್ರಿಕೆಗೆ ಸೇರಿದ್ದವನು ನಾನು. ಕೊಡೆ ಕಳೆದುಹೋಗುತ್ತದೆ, ಕನ್ನಡಕ ಕಳೆದುಹೋಗುತ್ತದೆ. ಬೀಗ ಹಾಕಿದ ಸ್ಕೂಟರು ತಾನಾಗಿ ಕಳೆದುಹೋಗುವುದು ಹೇಗೆಂದು ಕೇಳಬೇಕಿತ್ತು. ಕೇಳಲಿಲ್ಲ, ಬರೆದುಕೊಟ್ಟೆ. ಚಹಾದ ಋಣವೂ ಇತ್ತೇನೋ. ಆಮೇಲೆ ನಾಚಿಕೆಯಾಗಿ ಮೇಲಿನ ಕಚೇರಿಗೆ ಒಂದು ದೂರು ಕಳಿಸಿದೆ. ಮೂರು ವಾರಕ್ಕೆ ಹಿಂಬರಹ ಬಂತು: ಅರ್ಜಿದಾರರು ವಾಹನವು ಕಳೆದುಹೋಗಿದೆಯೆಂದು ತಾವೇ ಬರೆದುಕೊಟ್ಟಿರುವುದರಿಂದ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ. ಮೊಹರು ಮೇಲಿನ ಕಚೇರಿಯದಲ್ಲ, ಅದೇ ಠಾಣೆಯದು. ಅಕ್ಷರವೂ ಅದೇ ರೈಟರದು, 'ಳ'ಕಾರವನ್ನು ಬಾಲ ಎಳೆದು ಬರೆಯುವ ಆ ಮುದ್ದಾದ ಅಕ್ಷರ.

ಇದು ನನ್ನೊಬ್ಬನ ಹಳೆಯ ಸ್ಕೂಟರಿನ ಗೋಳು ಎಂದು ತಾವು ನಕ್ಕರೆ, ನೂರೆಪ್ಪತ್ತು ವರ್ಷ ಹಿಂದಿನ ಒಂದು ವರದಿಯನ್ನು ತಮ್ಮ ಮುಂದಿಡುತ್ತೇನೆ. 1855ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಚಿತ್ರಹಿಂಸೆಯ ದೂರುಗಳ ತನಿಖೆಗೆ ಮೂವರು ಸದಸ್ಯರ ಆಯೋಗವೊಂದು ಕೆಲಸ ಮಾಡಿತು. ನಮ್ಮ ಬಳ್ಳಾರಿ, ನಮ್ಮ ಕರಾವಳಿ ಆಗ ಆ ಪ್ರಾಂತ್ಯದಲ್ಲೇ ಇದ್ದವು. ಕಂದಾಯ ವಸೂಲಿಗೂ ತಪ್ಪೊಪ್ಪಿಗೆ ಪಡೆಯುವುದಕ್ಕೂ ಬೆರಳುಗಳನ್ನು ಕೋಲುಗಳ ನಡುವೆ ಸಿಕ್ಕಿಸಿ ಹಿಂಡುವ 'ಕಿಟ್ಟಿ'ಯಿಂದ ಹಿಡಿದು, ತಲೆಯನ್ನು ಕಾಲಿಗೆ ಬಗ್ಗಿಸಿ ಕಟ್ಟಿ ಬಿಸಿಲಿನಲ್ಲಿ ನಿಲ್ಲಿಸುವವರೆಗಿನ ವಿವರಗಳು ಅದರಲ್ಲಿವೆ. ಆ ವಿವರಗಳಿಗಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೊಂದು ಭಾಗ. ನೊಂದ ರೈತ ದಿನಗಟ್ಟಲೆ ನಡೆದು, ಕೂಲಿ ಕಳೆದುಕೊಂಡು, ಕಲೆಕ್ಟರರ ಕೈಗೆ ಅರ್ಜಿ ಮುಟ್ಟಿಸಿದರೂ, ಅದು ಮಾಮೂಲಿ ಹಿಂಬರಹದೊಂದಿಗೆ ತಹಸೀಲ್ದಾರನಿಗೇ ವಾಪಸು ಹೋಗುತ್ತದೆಂದು ಜನ ಹೆದರಿ ಸುಮ್ಮನಿರುತ್ತಾರೆ ಎಂದು ಆಯೋಗ ದಾಖಲಿಸಿತು. ತಹಸೀಲ್ದಾರನೆಂದರೆ ಆಗ ಕಂದಾಯಕ್ಕೂ ಪೊಲೀಸಿಗೂ ಅವನೇ ಯಜಮಾನ. ಹೊಡೆದವನು ಅವನೇ, ಇಲ್ಲವೇ ಅವನ ಕೈಕೆಳಗಿನವನು. 1859ರಲ್ಲಿ ಆ ಪ್ರಾಂತ್ಯದ ಪೊಲೀಸನ್ನು ಕಂದಾಯದಿಂದ ಬೇರ್ಪಡಿಸಿದರು, 1861ರಲ್ಲಿ ಬ್ರಿಟಿಷ್ ಭಾರತದಲ್ಲಿ ಪೊಲೀಸ್ ಕಾಯ್ದೆ ಬಂತು, ನಮ್ಮದೇ ಕಾಯ್ದೆ 1963ರಲ್ಲಿ ಬಂತು. ಹಿಂಬರಹ ಮಾತ್ರ ಹೋದ ದಾರಿಯಲ್ಲೇ ಹೋಗುತ್ತಿದೆ.

ತಾವು ಹೇಳುವ ಇಲಾಖಾ ವಿಚಾರಣೆಯೆಂದರೆ ಪಕ್ಕದ ಉಪವಿಭಾಗದ ಅಧಿಕಾರಿ ಈ ಉಪವಿಭಾಗದವರನ್ನು ವಿಚಾರಿಸುವುದು. ಮುಂದಿನ ವರ್ಷ ಇವರು ಅವರನ್ನು ವಿಚಾರಿಸಬೇಕಾಗಬಹುದೆಂಬ ಅರಿವು ಇಬ್ಬರಿಗೂ ಇರುತ್ತದೆ. ಮಾನವ ಹಕ್ಕುಗಳ ಆಯೋಗ ಒಂದು ವರ್ಷಕ್ಕಿಂತ ಹಳೆಯ ಘಟನೆಯನ್ನು ವಿಚಾರಿಸುವಂತಿಲ್ಲವೆಂದು ಅದರ ಕಾಯ್ದೆಯೇ ಹೇಳುತ್ತದೆ. ವಿಚಾರಿಸಿದರೂ ಅದು ಶಿಫಾರಸು ಮಾಡಬಹುದೇ ಹೊರತು ಶಿಕ್ಷಿಸಲಾರದು. ಮಲೆ ಮಹದೇಶ್ವರ ಬೆಟ್ಟದಲ್ಲಿ ಹಿಡಿದು ತಂದವರಿಗೆ ಹಿಂಸೆ ಕೊಡುತ್ತಿದ್ದರೆನ್ನುವ ಜಾಗಕ್ಕಿದ್ದ 'ವರ್ಕ್‌ಶಾಪ್' ಎಂಬ ಹೆಸರು ತಮ್ಮ ಕಾಲದ ಪೊಲೀಸರಿಗೆ ಹೊಸದಲ್ಲ. ವೀರಪ್ಪನ್ ಬೇಟೆಯ ದಿನಗಳಲ್ಲಿ ಅಲ್ಲಿ ನಡೆದದ್ದರ ಬಗ್ಗೆ ಗಡಿಯ ಎರಡೂ ಬದಿಯ ಹಳ್ಳಿಗರು ದೂರಿದ ಮೇಲೆ, 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ನೇಮಕವಾಯಿತು. ಅದರ ವರದಿ 2003ರಲ್ಲಿ ಬಂತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ 2 ಕೋಟಿ 80 ಲಕ್ಷ ರೂಪಾಯಿ ಮಧ್ಯಂತರ ಪರಿಹಾರಕ್ಕೆ ಶಿಫಾರಸು ಮಾಡಿತು. ಸಮಿತಿ ನೇಮಕವಾದಾಗ ಮೂರನೇ ತರಗತಿಯಲ್ಲಿದ್ದ ಹುಡುಗ ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿರುತ್ತಾನೆ. ತಮ್ಮ ಪಟ್ಟಿಯಲ್ಲಿರುವ ಬಾಗಿಲೊಂದು ತೆರೆದುಕೊಳ್ಳುವ ವೇಗ ಇದು, ಅದೂ ಬಾಗಿಲು ನಿಜವಾಗಿ ತೆರೆದ ಅಪರೂಪದ ಪ್ರಸಂಗದಲ್ಲಿ.

ಇನ್ನು ಪ್ರಾಧಿಕಾರದ ವಿಷಯ. ಇದು ಪತ್ರಕರ್ತರು ಕಟ್ಟಿದ ಕನಸಲ್ಲ. ಉತ್ತರ ಪ್ರದೇಶದಲ್ಲೂ ಅಸ್ಸಾಮಿನಲ್ಲೂ ಪೊಲೀಸ್ ಮಹಾನಿರ್ದೇಶಕರಾಗಿದ್ದ, ಗಡಿ ಭದ್ರತಾ ಪಡೆಯನ್ನೂ ನಡೆಸಿದ ಪ್ರಕಾಶ್ ಸಿಂಗ್ 1996ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಖಾಕಿ ತೊಟ್ಟವರೇ ಕೇಳಿದ್ದು ಎಂಬುದನ್ನು ತಾವು ಗಮನಿಸಬೇಕು. 2006ರ ಸೆಪ್ಟೆಂಬರ್ 22ರಂದು ಬಂದ ತೀರ್ಪು ಏಳು ನಿರ್ದೇಶನ ಕೊಟ್ಟಿತು. ಡಿವೈಎಸ್‌ಪಿ ಮತ್ತು ಅವರಿಗಿಂತ ಕೆಳಗಿನವರ ಮೇಲಿನ ದೂರಿಗೆ ಜಿಲ್ಲೆಯಲ್ಲೊಂದು, ಎಸ್‌ಪಿ ಮತ್ತು ಮೇಲಿನವರ ಮೇಲಿನ ದೂರಿಗೆ ರಾಜ್ಯದಲ್ಲೊಂದು ಪ್ರಾಧಿಕಾರ ಇರಬೇಕು, ಜಿಲ್ಲೆಯದಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರಾಗಬೇಕು, ಶಿಫಾರಸನ್ನು ಇಲಾಖೆ ಪಾಲಿಸಲೇಬೇಕು ಎಂಬುದು ಅವುಗಳಲ್ಲಿ ಒಂದು. ನಮ್ಮ ವಿಧಾನಮಂಡಲ ಇದಕ್ಕಾಗಿ 1963ರ ಕಾಯ್ದೆಗೆ ತಿದ್ದುಪಡಿ ತಂದದ್ದು 2012ರಲ್ಲಿ, ಆರು ವರ್ಷ ತಡವಾಗಿ. ಮೇಷ್ಟ್ರು ಬೆತ್ತ ತೋರಿಸಿದ ಮೇಲೆ ಮಾಡಿ ತಂದ ಮನೆಪಾಠದಂತಿತ್ತು ಅದು. ಜಿಲ್ಲಾ ಪ್ರಾಧಿಕಾರದಲ್ಲಿ ನಿವೃತ್ತ ನ್ಯಾಯಾಧೀಶರಿಗೆಂದು ತೀರ್ಪು ಎತ್ತಿಟ್ಟಿದ್ದ ಕುರ್ಚಿಯಲ್ಲಿ ಸೇವೆಯಲ್ಲಿರುವ ಆಡಳಿತಾಧಿಕಾರಿಯನ್ನು ಕೂರಿಸಿ, ಪಕ್ಕದಲ್ಲಿ ಪೊಲೀಸ್ ಅಧಿಕಾರಿಗೂ ಜಾಗ ಕೊಟ್ಟರು. 1855ರ ರೈತ ಈ ಕೋಣೆಗೆ ಕಾಲಿಟ್ಟರೆ ಅವನಿಗೆ ಅಪರಿಚಿತವಾಗಿ ಕಾಣುವುದು ತಿರುಗುವ ಫ್ಯಾನು ಒಂದೇ.

ಅದೇ 1963ರ ಕಾಯ್ದೆಯ 170ನೇ ಕಲಮನ್ನು ಮಾತ್ರ ಯಾರೂ ಮುಟ್ಟಲು ಹೋಗಲಿಲ್ಲ. ಕರ್ತವ್ಯದ ಹೆಸರಿನಲ್ಲಿ ಪೊಲೀಸರು ಮಾಡಿದ ಕೃತ್ಯಕ್ಕೆ ಸರ್ಕಾರದ ಪೂರ್ವಾನುಮತಿಯಿಲ್ಲದೆ ಮೊಕದ್ದಮೆ ಹೂಡುವಂತಿಲ್ಲ ಎನ್ನುತ್ತದೆ ಅದು. ಬೆಂಗಳೂರಿನದೇ ಒಂದು ಪ್ರಕರಣದಲ್ಲಿ, ಠಾಣೆಯಲ್ಲಿ ಹಿಂಸೆ ಕೊಟ್ಟರೆಂಬ ಖಾಸಗಿ ದೂರನ್ನು 2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಪೂರ್ವಾನುಮತಿ ಇಲ್ಲವೆಂಬ ಕಾರಣಕ್ಕೇ ರದ್ದುಪಡಿಸಿತು. ಕರ್ತವ್ಯಕ್ಕೆ ಸಂಬಂಧಪಟ್ಟ ಕೆಲಸದಲ್ಲಿ ಕೈ ಮೀರಿ ನಡೆದರೂ ರಕ್ಷಣೆ ಇರುತ್ತದೆ, ಕರ್ತವ್ಯಕ್ಕೆ ಸಂಬಂಧವೇ ಇಲ್ಲದ ಕೃತ್ಯಕ್ಕೆ ಇರುವುದಿಲ್ಲ ಎಂಬುದು ಕಾನೂನು. ಸುಳ್ಳು ಕೇಸುಗಳ ಕಾಟದಿಂದ ಪ್ರಾಮಾಣಿಕರನ್ನು ಕಾಯಬೇಕೆಂಬ ತಮ್ಮ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಅನುಮತಿ ಕೇಳಬೇಕಾದದ್ದು ಯಾರನ್ನು? ಆ ಅಧಿಕಾರಿಯನ್ನು ನೇಮಿಸಿದ, ವರ್ಗ ಮಾಡುವ, ಬಂದೋಬಸ್ತಿಗೆ ನಿಲ್ಲಿಸುವ ಸರ್ಕಾರವನ್ನೇ. ಸ್ವತಂತ್ರ ಪ್ರಾಧಿಕಾರವೊಂದು ಮೊದಲೇ ದೂರನ್ನು ಜಾಲಿಸಿ ಹೊಟ್ಟು ಯಾವುದು, ಕಾಳು ಯಾವುದು ಎಂದು ಹೇಳಿದ್ದರೆ ಆ ಅನುಮತಿಯ ಅಗತ್ಯವೇ ಅರ್ಧ ಕಡಿಮೆಯಾಗುತ್ತಿತ್ತು.

ಸಿಸಿಟಿವಿಯನ್ನು ತಾವು ಬಹಳ ನೆಚ್ಚಿದ್ದೀರಿ. 2020ರ ಡಿಸೆಂಬರ್ 2ರ ಸುಪ್ರೀಂ ಕೋರ್ಟ್ ಆದೇಶವನ್ನು ನಾನು ಕುಳಿತು ಓದಿದ್ದೇನೆ: ಲಾಕಪ್, ಮೊಗಸಾಲೆ, ಇನ್‌ಸ್ಪೆಕ್ಟರರ ಕೋಣೆ, ಎಲ್ಲ ಕಡೆಯೂ ಕ್ಯಾಮೆರಾ ಇರಬೇಕು, ದನಿಯೂ ದಾಖಲಾಗಬೇಕು, ಹದಿನೆಂಟು ತಿಂಗಳು ಉಳಿಯಬೇಕು, ಸ್ಥಳೀಯ ಭಾಷೆಯಲ್ಲಿ ದೊಡ್ಡ ಫಲಕ ಹಾಕಬೇಕು. ಒಳ್ಳೆಯ ಆದೇಶ. ಐದು ವರ್ಷವಾಗುತ್ತ ಬಂದಾಗ, 2025ರ ಸೆಪ್ಟೆಂಬರಿನಲ್ಲಿ, ಠಾಣೆಗಳಲ್ಲಿ ಕ್ಯಾಮೆರಾ ಕೆಲಸ ಮಾಡುತ್ತಿಲ್ಲವೆಂದು ಅದೇ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಳ್ಳಬೇಕಾಯಿತು. ಕ್ಯಾಮೆರಾ ಕೆಡುತ್ತದೆ, ಅದು ಯಂತ್ರದ ಸ್ವಭಾವ. ಆದರೆ ಕೆಟ್ಟಿತೆಂದು ವರದಿ ಮಾಡಬೇಕಾದವರೂ ಠಾಣಾಧಿಕಾರಿಯೇ ಆದರೆ, ನನ್ನ ಸ್ಕೂಟರಿನ ಕಥೆಯೇ ಮತ್ತೆ.

ಈಗ ತಮ್ಮನ್ನು ಸ್ವಲ್ಪ ಗದರುವ ಅಪ್ಪಣೆ ಬೇಕು. ಮೂರೂವರೆ ಪುಟ ನನ್ನ ಮೇಲೆ ಸಿಟ್ಟು ಮಾಡಿ, ಕೊನೆಯ ಅರ್ಧ ಪುಟದಲ್ಲಿ, ಬೇಡವೆಂದುಕೊಂಡರೂ ಪೆನ್ನು ಕೇಳಲಿಲ್ಲವೆಂಬಂತೆ, ತಾವು ಒಂದು ಸಂಗತಿ ಬರೆದಿದ್ದೀರಿ. ಮರಳಿನ ಲಾರಿಯೊಂದನ್ನು ಹಿಡಿದು ನಿಲ್ಲಿಸಿದಿರಿ, ಫೋನು ಬಂತು, ಬಿಡಲಿಲ್ಲ, ಹನ್ನೊಂದನೇ ದಿನ ವರ್ಗವಾಯಿತು. ಆ ಠಾಣೆಗೆ ಬಂದು ನಾಲ್ಕು ತಿಂಗಳೂ ಆಗಿರಲಿಲ್ಲ. ಮಗಳ ಶಾಲೆಯ ಶುಲ್ಕ ಕಟ್ಟಿ ಆಗಿತ್ತು. ಇದನ್ನು ಮೊದಲ ಪುಟದಲ್ಲೇಕೆ ಬರೆಯಲಿಲ್ಲ, ಮಾನ್ಯರೇ? ತಾವು ಹಗ್ಗವೆಂದು ಕರೆದ ಆ ತೀರ್ಪಿನ ಇನ್ನೆರಡು ನಿರ್ದೇಶನಗಳು ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷದ ಅವಧಿಯನ್ನೂ, ವರ್ಗಾವಣೆಗೆ ಪೊಲೀಸ್ ಸಿಬ್ಬಂದಿ ಮಂಡಳಿಯನ್ನೂ ಕೊಡುತ್ತವೆ. ದೂರು ಪ್ರಾಧಿಕಾರಕ್ಕೆ ಹೆದರಬೇಕಾದವರು ಲಾರಿ ಹಿಡಿದ ತಾವಲ್ಲ. ಆಡಳಿತ ಪಕ್ಷವೋ ವಿರೋಧ ಪಕ್ಷವೋ, ಯಾರೂ ಈ ತೀರ್ಪನ್ನು ಮನಸ್ಸಿಟ್ಟು ಜಾರಿ ಮಾಡದಿರುವುದು ಯಾಕೆಂದು ತಮಗೆ ನನಗಿಂತ ಚೆನ್ನಾಗಿ ಗೊತ್ತು: ಪೇದೆಯಿಂದ ಎಸ್‌ಪಿಯವರೆಗೆ ಎಲ್ಲರೂ ಒಂದು ಫೋನಿಗೆ ಎದ್ದು ನಿಲ್ಲುವುದು ಅವರಿಗೆ ಬೇಕು. ಧರ್ಮವೀರ ಅವರ ರಾಷ್ಟ್ರೀಯ ಪೊಲೀಸ್ ಆಯೋಗ 1979ರಿಂದ 1981ರವರೆಗೆ ಇದನ್ನೇ ಎಂಟು ವರದಿಗಳಲ್ಲಿ ಬರೆಯಿತು. ಎಂಟು ವರದಿಗೂ ಸಿಕ್ಕಿದ್ದು ಒಂದು ಬಗೆಯ ಹಿಂಬರಹವೇ.

ತಮ್ಮಲ್ಲಿ ಒಂದು ಕೆಲಸ ಕೇಳುತ್ತೇನೆ. ಪಿಂಚಣಿಯ ಕಾಗದಕ್ಕೋ ಹಳೆಯ ಗೆಳೆಯರನ್ನು ಕಾಣಲೋ ಠಾಣೆಗೆ ಹೋದಾಗ, ಜಿಲ್ಲಾ ದೂರು ಪ್ರಾಧಿಕಾರದ ವಿಳಾಸ ಬರೆದ ಒಂದು ಫಲಕ ಅಲ್ಲಿದೆಯೇ, ಇದ್ದರೆ ಅದು ಕನ್ನಡದಲ್ಲಿದೆಯೇ, ಬೀರುವಿನ ಹಿಂದೆ ಮರೆಯಾಗದೆ ಬಂದವರಿಗೆ ಕಾಣುವಂತಿದೆಯೇ ಎಂದು ನೋಡಿ ಬರೆಯಿರಿ. ಇದ್ದರೆ ಮುಂದಿನ ಸಂಚಿಕೆಯಲ್ಲಿ ಆ ಠಾಣೆಯ ಹೆಸರನ್ನು ಸಂತೋಷದಿಂದ ಅಚ್ಚು ಹಾಕುತ್ತೇನೆ.

ಮತ್ತೆ, ಪತ್ರದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ "ದಯವಿಟ್ಟು ನನ್ನ ಹೆಸರು ಹಾಕಬೇಡಿ, ತೊಂದರೆಯಾದೀತು" ಎಂದು ಬರೆದಿದ್ದೀರಿ. ಹಾಕಿಲ್ಲ. ಊರಿನ ಹೆಸರನ್ನೂ ಬಿಟ್ಟಿದ್ದೇನೆ. ಮಲೆನಾಡು ಎಂಬುದನ್ನೂ ಬಿಡಬೇಕಿತ್ತೇ ಎಂದು ಪುಟ ಅಚ್ಚಿಗೆ ಹೋಗುವ ಹೊತ್ತಿನಲ್ಲಿ ಯೋಚಿಸುತ್ತಿದ್ದೇನೆ.

— ಸಂಪಾದಕ