ಓದುಗರ ಪ್ರಶ್ನೆ: ಕೋಟೆಯೊಳಗಿನ ಊರಿಗೆ ಜೋಳ ಎಲ್ಲಿಂದ ಬಂತು?

ಹೋದ ಸಂಚಿಕೆಯಲ್ಲಿ ಒಂದು ಮಾತು ಕೇಳಿದ್ದೆ. ಎಲ್ಲೂ ಇಲ್ಲದ ಒಂದು ಲೋಕ ಕಟ್ಟಿ, ಆ ಲೋಕದ ಒಂದು ಊರಿನ ಕಥೆ ಬರೆಯಿರಿ, ಬರೆಯುವಾಗ ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅನ್ನೋದನ್ನು ಪ್ರಶ್ನೆ ಮಾಡಿ ಕಳಿಸಿ ಅಂತ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ನಮ್ಮ ಕಡೆಯವೇ. ಅದರಲ್ಲೂ ಬಹಳ ಜನ ಕೋಟೆ ಇರುವ ಶ್ರೀಮಂತ ಊರನ್ನೇ ಕಟ್ಟಿದ್ದಾರೆ. ನನಗೇನೂ ಆಶ್ಚರ್ಯ ಆಗಲಿಲ್ಲ. ನಾನು ಕೂತು ಬರೆಯುವ ಮನೆಯ ಮಾಳಿಗೆ ಹತ್ತಿದರೆ ರಾಯಚೂರು ಕೋಟೆಯ ಬೆಟ್ಟ ಕಾಣುತ್ತದೆ. ಕೊತ್ತಳ ನೋಡುತ್ತಾ ಬೆಳೆದವರ ಕಥೆಯಲ್ಲಿ ಕೊತ್ತಳ ಬಂದೇ ಬರುತ್ತದೆ, ಅಲ್ವಾ? ಮೊದಲ ಪತ್ರ ಇದು:

ನನ್ನ ಕಥೆಯ ಊರಿನ ಹೆಸರು ಹೊನ್ನಗಸಿ. ಆ ಲೋಕದ ಆಕಾಶದಲ್ಲಿ ಎರಡು ಚಂದ್ರ. ಊರಿಗೆ ಏಳು ಸುತ್ತಿನ ಕರಿಕಲ್ಲಿನ ಕೋಟೆ, ಮನೆ ಬಾಗಿಲಿಗೆಲ್ಲ ಚಿನ್ನದ ಪಟ್ಟಿ, ಒಳಗೆ ಬಡವರೇ ಇಲ್ಲ. ಸಾವಿರ ವರ್ಷದಿಂದ ಶತ್ರು ಒಳಗೆ ಕಾಲಿಟ್ಟಿಲ್ಲ. ಗೆಳತಿಗೆ ಓದಲು ಕೊಟ್ಟರೆ ‘ಚೆನ್ನಾಗಿದೆ, ಆದ್ರೆ ಫೋಟೋ ನೋಡಿದ ಹಾಗಾಯ್ತು’ ಅಂದಳು. ಎಲ್ಲಿ ತಪ್ಪಿದೆ?
— ಪದವಿ ವಿದ್ಯಾರ್ಥಿನಿ, ಸಿಂಧನೂರು

ನೀವು ಕಳಿಸಿದ ಮೂವತ್ತು ಪುಟಗಳನ್ನೂ ಓದಿದೆ. ಎರಡು ಚಂದ್ರ ಮೂಡಿದ ರಾತ್ರಿ ಕಾವಲುಗಾರನಿಗೆ ಎರಡು ನೆರಳು ಬಿದ್ದು, ಯಾವುದು ತನ್ನದು ಅಂತ ಅವನು ನಿಂತು ನೋಡುತ್ತಾನಲ್ಲ, ಆ ಜಾಗ ನನಗೆ ತುಂಬಾ ಹಿಡಿಸಿತು. ಆದರೆ ಮೂವತ್ತು ಪುಟದಲ್ಲಿ ಒಬ್ಬರೂ ಊಟ ಮಾಡಲಿಲ್ಲ. ಒಂದು ಬಂಡಿಯೂ ಬಾಗಿಲು ದಾಟಲಿಲ್ಲ. ನಿಮ್ಮ ಗೆಳತಿ ಹೇಳಿದ್ದು ಇದನ್ನೇ ಅನಿಸುತ್ತದೆ.

ಊರಿನ ಹೆಸರಲ್ಲೇ ಅಗಸಿ, ಅಂದರೆ ಊರಬಾಗಿಲು, ಇಟ್ಟುಕೊಂಡು ಅಗಸಿಯನ್ನು ಒಮ್ಮೆಯೂ ತೆರೆಸಲಿಲ್ಲ ನೀವು. ಅಲ್ಲಿಂದಲೇ ಶುರು ಮಾಡಿ. ಕೋಟೆಯ ಒಳಗೆ ಮನೆ, ಗುಡಿ, ಅರಮನೆ, ಅಂಗಡಿ ಎಲ್ಲ ಇರುತ್ತವೆ. ಅಷ್ಟು ಜನಕ್ಕೆ ಬೇಕಾಗುವ ಜೋಳ, ಬೇಳೆ, ಉಪ್ಪು, ಎಣ್ಣೆ, ಕಟ್ಟಿಗೆ, ದನಕ್ಕೆ ಮೇವು ಎಲ್ಲ ಒಳಗೇ ಬೆಳೆಯಲು ಆಗುತ್ತದಾ? ಆಗೋದಿಲ್ಲ. ದಿನಾ ಬೆಳಗ್ಗೆ ಹೊರಗಿನಿಂದ ಬರಬೇಕು.

ಹದಿನಾರನೇ ಶತಮಾನದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ನೂನಿಜ್ ಇದನ್ನು ಬಹಳ ಚೆನ್ನಾಗಿ ಬರೆದಿಟ್ಟಿದ್ದಾನೆ. ಪಟ್ಟಣದ ಬಾಗಿಲಿನ ಸುಂಕವನ್ನು ವರ್ಷಕ್ಕೆ 12,000 ಪರ್ದಾವ್‌ಗೆ ಗುತ್ತಿಗೆ ಕೊಡುತ್ತಿದ್ದರಂತೆ. ಪರ್ದಾವ್ ಅಂದರೆ ನಮ್ಮ ಚಿನ್ನದ ವರಹಕ್ಕೆ ಅವರಿಟ್ಟ ಹೆಸರು. ಗುತ್ತಿಗೆದಾರ ಕೇಳಿದಷ್ಟು ಕೊಡದೆ ಒಬ್ಬರೂ ಒಳಗೆ ಹೋಗುವ ಹಾಗಿಲ್ಲ, ನಾಡಿನವರಾಗಲಿ ಪರದೇಶದವರಾಗಲಿ. ಸಾಮಾನೆಲ್ಲ ಹೇರೆತ್ತಿನ ಮೇಲೆ ಹೊರಗಿನಿಂದಲೇ ಬರುತ್ತಿತ್ತು. ದಿನಕ್ಕೆ 2,000 ಎತ್ತು! ಒಂದೊಂದು ಎತ್ತಿಗೂ ಸುಂಕ. ಕೋಡಿಲ್ಲದ ಕೆಲವು ಬೋಳು ಎತ್ತುಗಳಿಗೆ ಮಾತ್ರ ಇಡೀ ರಾಜ್ಯದಲ್ಲಿ ಎಲ್ಲೂ ಸುಂಕ ಇರಲಿಲ್ಲವಂತೆ.

ಈ ಬೋಳು ಎತ್ತನ್ನು ನಿಮಗೆ ಕೊಡುತ್ತಿದ್ದೇನೆ, ಇಟ್ಟುಕೊಳ್ಳಿ. ಹೊನ್ನಗಸಿಯಲ್ಲಿ ಯಾವುದಕ್ಕೆ ಸುಂಕ ಇಲ್ಲ? ಯಾಕೆ ಇಲ್ಲ? ಅದು ಯಾರ ಹರಕೆ, ಯಾವ ರಾಣಿಯ ಮಾತು? ಇದೊಂದಕ್ಕೆ ಉತ್ತರ ಹುಡುಕಿದರೆ ನಿಮ್ಮ ಸಾವಿರ ವರ್ಷದ ಇತಿಹಾಸ ತಾನಾಗಿ ಬರುತ್ತದೆ. ಈಗ ಅದು ಬರೀ ಸಂಖ್ಯೆಯಾಗಿ ಕೂತಿದೆ.

ಏಳು ಸುತ್ತು ಇರಲಿ, ತೆಗೆಯಬೇಡಿ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಕೂಡ ಏಳು ಸುತ್ತಿನ ಕೋಟೆ ಅಂತಲೇ ಬರೆದಿದ್ದಾನೆ. ಆದರೆ ಅವನು ಮೊದಲ ಮೂರು ಸುತ್ತುಗಳ ನಡುವೆ ಹೊಲ, ತೋಟ, ಮನೆಗಳನ್ನು ನೋಡಿದ. ನಿಮ್ಮದರಲ್ಲಿ ಗೋಡೆಯ ಹಿಂದೆ ಗೋಡೆ, ಅದರ ಹಿಂದೆ ಮತ್ತೊಂದು ಗೋಡೆ, ನಡುವೆ ಏನೂ ಇಲ್ಲ. ಸಿಂಧನೂರಿನವರು ನೀವು. ಭತ್ತದ ಗದ್ದೆ ಹೇಗಿರುತ್ತದೆ, ನಾಟಿ ಹೊತ್ತಿನಲ್ಲಿ ಆಳು ಸಿಗದೆ ಏನೇನಾಗುತ್ತದೆ ಅಂತ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಎರಡನೇ ಸುತ್ತಿನೊಳಗೆ ಒಂದು ಗದ್ದೆ ಹಾಕಿ ನೋಡಿ.

ಇನ್ನು ‘ಬಡವರೇ ಇಲ್ಲ’ ಅಂದಿರಿ. ಇದು ನನಗೆ ಸ್ವಲ್ಪ ಬೇಜಾರು ತಂದ ಮಾತು. ಹಾಗಾದರೆ ಬೀದಿ ಗುಡಿಸುವವರು ಯಾರು, ಕೊಡದಲ್ಲಿ ನೀರು ಹೊರುವವರು ಯಾರು, ಆ ಕರಿಕಲ್ಲು ಒಡೆದವರು ಯಾರು? ಅವರು ಹಗಲು ಒಳಗೆ ದುಡಿದು, ಕಹಳೆ ಊದಿ ಅಗಸಿ ಮುಚ್ಚುವುದರೊಳಗೆ ಹೊರಗೆ ಹೋಗಿ ಮಲಗುತ್ತಾರಾ? ಹಾಗಿದ್ದರೆ ಬಡವರು ಇಲ್ಲ ಅಂತ ಹೇಳುತ್ತಿರುವುದು ಒಳಗೆ ಮಲಗಿದವರು. ಒಂದು ಸಂಜೆ ಕಹಳೆ ಊದಿದಾಗ ಒಬ್ಬ ಹುಡುಗಿ ಹೊರಗೆ ಹೋಗದೆ ಒಳಗೇ ಉಳಿದುಬಿಡಲಿ. ಮೂವತ್ತೊಂದನೇ ಪುಟ ಅಲ್ಲಿಂದ ಬರೆಯಿರಿ. ನನಗೆ ಕಳಿಸುವುದನ್ನು ಮರೆಯಬೇಡಿ.

ನನ್ನ ಊರು ಬೆಟ್ಟದ ಮೇಲಿದೆ, ನದಿ ಕೆಳಗಿದೆ. ಮಂತ್ರವಾದಿ ನೀರು ತರಿಸುತ್ತಾನೆ ಅಂತ ಬರೆದರೆ ಸಾಲದಾ?
— ಗಂಗಾವತಿಯ ಓದುಗರು

ಸಾಲುತ್ತದೆ, ನಿಮ್ಮ ಲೋಕ ನಿಮ್ಮದು. ಆದರೆ ಒಂದು ಯೋಚನೆ ಮಾಡಿ: ಇಡೀ ಊರಿನ ನೀರು ಅವನೊಬ್ಬನ ಕೈಯಲ್ಲಿದ್ದರೆ, ಅಲ್ಲಿ ರಾಜ ಯಾರು? ಕಥೆ ಅವನದೇ ಆಗಿಬಿಡುತ್ತದೆ. ಹಾಗಾಗಬೇಕು ಅಂತಿದ್ದರೆ ಸರಿ. ಬೇಡ ಅಂದರೆ ಒಂದು ಭಾನುವಾರ ಆನೆಗೊಂದಿ ಕಡೆ ಹೋಗಿ ಬನ್ನಿ, ನಿಮಗೆ ಹತ್ತಿರವೇ. ಬುಕ್ಕನ ಕಾಲುವೆ ಅಂತ ಕರೆಯುವ, ಕಲ್ಲಿನ ಕಂಬಗಳ ಮೇಲೆ ನೀರು ಹರಿಸಿದ ಕಟ್ಟಡದ ಸಾಲು ಇನ್ನೂ ನಿಂತಿದೆ. ನದಿಗೆ ಅಡ್ಡಲಾಗಿ ಕಟ್ಟೆ ಹಾಕಿ, ಬಂಡೆಗಳ ನಡುವೆ ದಾರಿ ಹುಡುಕಿ ಕಾಲುವೆ ತಂದವರು ವಿಜಯನಗರದವರು. ಆ ಕಾಲುವೆಗಳಲ್ಲಿ ಕೆಲವು ಇವತ್ತಿಗೂ ಗದ್ದೆಗೆ, ಬಾಳೆ ತೋಟಕ್ಕೆ ನೀರು ಕೊಡುತ್ತಿವೆ. ಅರಮನೆ ಬಿದ್ದುಹೋಗಿದೆ, ಕಾಲುವೆ ದುಡಿಯುತ್ತಿದೆ. ಬೆಟ್ಟದ ಮೇಲೇ ನೀರು ಬೇಕು ಅಂದರೆ ಬಳ್ಳಾರಿ ಗುಡ್ಡ ನೋಡಿ. ಮೇಲಿನ ಕೋಟೆಯಲ್ಲಿ ಬಂಡೆಯ ಸೀಳುಗಳಲ್ಲೇ ಮಳೆ ನೀರು ಹಿಡಿದಿಟ್ಟುಕೊಳ್ಳುತ್ತಿದ್ದರು. ಇಷ್ಟಾದ ಮೇಲೆ ಮಂತ್ರವಾದಿಗೆ ಬೇರೆ ಕೆಲಸ ಕೊಡಿ.

ಗೋಡೆ 500 ಅಡಿ ಎತ್ತರ ಅಂತ ಬರೆದಿದ್ದೇನೆ. ಜಾಸ್ತಿ ಆಯ್ತಾ?
— ಹೈಸ್ಕೂಲ್ ವಿದ್ಯಾರ್ಥಿ, ರಾಯಚೂರು

ಜಾಸ್ತಿ ಆಗಿಲ್ಲ ತಮ್ಮಾ, ಸಣ್ಣದಾಯಿತು. 500 ಅನ್ನೋದು ಓದುವವರ ಕಣ್ಣಿಗೆ ಏನನ್ನೂ ತೋರಿಸುವುದಿಲ್ಲ. ನೀನು ಇರುವ ಊರಲ್ಲೇ ಇದಕ್ಕೆ ಉತ್ತರ ಇದೆ. ಬಸ್ ನಿಲ್ದಾಣದಿಂದ ನಡೆದುಕೊಂಡೇ ಕೋಟೆಗೆ ಹೋಗು. ಒಳಸುತ್ತಿನ ಗೋಡೆಯಲ್ಲಿ, ಪಶ್ಚಿಮದ ಕಡೆ, ಒಂದೇ ಕಲ್ಲು ಸುಮಾರು 41 ಅಡಿ ಉದ್ದ ಇದೆ. ಅದರ ಮೇಲೆ 1294ರ ಶಾಸನ. ಕಾಕತೀಯರ ಕಾಲದಲ್ಲಿ ಗೋರೆ ಗನ್ನಯ್ಯ ರೆಡ್ಡಿ ಈ ಕೋಟೆ ಕಟ್ಟಿಸಿದ ಅಂತ ಅದರಿಂದ ಗೊತ್ತಾಗಿದೆ. ನಾನು ಮೊದಲ ಸಲ ನೋಡಿದಾಗ ಅಕ್ಷರಕ್ಕಿಂತ ಪಕ್ಕದ ಚಿತ್ರವೇ ನನ್ನನ್ನು ಹಿಡಿದು ನಿಲ್ಲಿಸಿತು. ಆ ಕಲ್ಲನ್ನು ಬಂಡಿಯ ಮೇಲೆ ಹೇರಿ, ಕೋಣಗಳ ಸಾಲು ಕಟ್ಟಿ ಎಳೆದು ತಂದದ್ದನ್ನು ಆ ಕಲ್ಲಿನ ಮೇಲೇ ಕೆತ್ತಿಬಿಟ್ಟಿದ್ದಾರೆ! ತಂದವರಿಗೇ ಅದು ನಂಬಲಾಗದ ಕೆಲಸ ಅನಿಸಿರಬೇಕು, ಮುಂದಿನವರು ನಂಬಲಿಕ್ಕಿಲ್ಲ ಅಂತ ಬರೆದಿಟ್ಟ ಹಾಗಿದೆ. ಒಳಗೋಡೆಯ ಕಲ್ಲುಗಳಿಗೆ ಗಾರೆಯೂ ಇಲ್ಲ. ಕಲ್ಲಿಗೆ ಕಲ್ಲು ಕೂರಿಸಿದ್ದಾರೆ, ಅಷ್ಟೇ. ಬೆರಳಿಟ್ಟು ಸಂದು ಹುಡುಕಿ ನೋಡು.

ನಿನ್ನ ಕಥೆಯಲ್ಲೂ ಅಡಿ ಲೆಕ್ಕ ಬಿಡು. ಒಂದು ಕಲ್ಲು ಬಂದ ದಾರಿ ಹೇಳು. ಎಷ್ಟು ಕೋಣ, ಯಾವ ಹಳ್ಳದಲ್ಲಿ ಚಕ್ರ ಹೂತಿತು, ಯಾರ ಕಾಲು ಸಿಕ್ಕಿತು. ಗೋಡೆ ತಾನಾಗಿ ಎತ್ತರ ಆಗುತ್ತದೆ.

ಮಂತ್ರ, ಡ್ರ್ಯಾಗನ್ ಯಾವುದೂ ಇಲ್ಲದೆ ದೊಡ್ಡ ಕೋಟೆ ಬೀಳಿಸುವುದು ಹೇಗೆ? ಓದುವವರು ನಂಬಬೇಕು.
— ಬಳ್ಳಾರಿಯ ಓದುಗರು

ಒಂದೊಂದೇ ಕಲ್ಲು ಕಿತ್ತು. ಸುಮ್ನೆ ಹೇಳುತ್ತಿಲ್ಲ. 1520ರಲ್ಲಿ ರಾಯಚೂರು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ಕೈಯಲ್ಲಿತ್ತು, ಕೃಷ್ಣದೇವರಾಯ ಮುತ್ತಿಗೆ ಹಾಕಿದ್ದ. ಮೇಲಿನಿಂದ ಕಲ್ಲು, ಬಾಣ, ಗುಂಡು ಬೀಳುತ್ತಿದ್ದರೆ ಗೋಡೆಯ ಬುಡಕ್ಕೆ ಹೋಗುವ ಧೈರ್ಯ ಯಾರಿಗಿರುತ್ತದೆ? ಆಗ ದಳವಾಯಿಗಳು ಗೋಡೆಯನ್ನೇ ಕೊಂಡುಕೊಳ್ಳಲು ಶುರು ಮಾಡಿದರು ಅಂತ ನೂನಿಜ್ ಬರೆಯುತ್ತಾನೆ. ಕಿತ್ತು ತಂದ ಕಲ್ಲಿನ ಗಾತ್ರ ನೋಡಿ 10 ಪಣ, 20 ಪಣ, ದೊಡ್ಡದಾದರೆ 50 ಪಣದವರೆಗೆ. ಪಣ ಅಂದರೆ ಆಗಿನ ಸಣ್ಣ ನಾಣ್ಯ. ಆಳುಗಳು ಹಾರೆ, ಗುದ್ದಲಿ ಹಿಡಿದು ನುಗ್ಗಿದರು. ಕಡೆಗೆ ಕ್ರಿಸ್ತೋವಾವ್ ದ ಫಿಗೆರೇದೊ ಎಂಬ ಪೋರ್ಚುಗೀಸನ ಬಂದೂಕಿನವರು ಗೋಡೆಯ ಮೇಲೆ ಕಂಡ ತಲೆಗೆಲ್ಲ ಗುಂಡು ಹಾರಿಸುತ್ತಿದ್ದರಿಂದ ಕೆಳಗಿನವರಿಗೆ ಕೆಲಸ ಸುಲಭವಾಯಿತು. ಏನಾಗುತ್ತಿದೆ ಅಂತ ಕೋಟೆಯ ಮುಖ್ಯಸ್ಥ ಒಮ್ಮೆ ಬಗ್ಗಿ ನೋಡಿದ. ಗುಂಡು ಹಣೆಗೆ ಬಿತ್ತು. ಮರುದಿನ ಊರು ಶರಣಾಯಿತು.

ಒಬ್ಬ ಆಳು 50 ಪಣದ ಕಲ್ಲನ್ನು ಎದೆಗವಚಿಕೊಂಡು ಓಡಿ ಬರುವುದನ್ನು ಮನಸ್ಸಿನಲ್ಲಿ ನೋಡಿ. ಅವನಿಗೆ ರಾಜ್ಯ ಯಾರದಾದರೆ ಏನು? ಮನೆಯಲ್ಲಿ ಮದುವೆ ಇರಬಹುದು, ಸಾಲ ಇರಬಹುದು. ನಿಮ್ಮ ಕೋಟೆ ಬೀಳುವ ಅಧ್ಯಾಯವನ್ನು ಅವನ ಕಣ್ಣಿನಿಂದ ಬರೆದರೆ ನಂಬದವರು ಯಾರೂ ಇರುವುದಿಲ್ಲ.

ನಿಮ್ಮೂರಲ್ಲೇ ಹೇಳುವ ಇನ್ನೊಂದು ಕಥೆ ನಿಮಗೆ ಗೊತ್ತೇ ಇರುತ್ತದೆ. ಹೈದರಾಲಿ ಬಳ್ಳಾರಿ ಕೋಟೆಯನ್ನು ಹೆಚ್ಚಿಸಿ ಕಟ್ಟಿಸಿದ ಮೇಲೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಇದೆ ಅಂತ ಗೊತ್ತಾಗಿ, ಕಟ್ಟಿದ ಫ್ರೆಂಚ್ ಇಂಜಿನಿಯರನನ್ನೇ ಗಲ್ಲಿಗೇರಿಸಿದನಂತೆ. ನಿಜವೋ ಸುಳ್ಳೋ, ಕಥೆ ಕಟ್ಟುವವರಿಗೆ ಇದೊಂದು ಒಳ್ಳೆಯ ಪಾಠ: ನಕ್ಷೆ ಬಿಡಿಸುವಾಗ ಪಕ್ಕದ ಗುಡ್ಡವನ್ನೂ ಬಿಡಿಸಿ.

ಊರಿಗೆ, ಬೀದಿಗೆ ಕನ್ನಡದ ಹೆಸರಿಟ್ಟರೆ ಫ್ಯಾಂಟಸಿ ಅನಿಸುವುದಿಲ್ಲ ಅಂತ ಗೆಳೆಯರು ಹೇಳುತ್ತಾರೆ.
— ಕೊಪ್ಪಳದ ಓದುಗರು

ನಾನು ಒಪ್ಪುವುದಿಲ್ಲ. ಅಗಸಿ, ದಿಡ್ಡಿ, ಕೊತ್ತಳ, ಆಳ್ವೇರಿ, ಹುಡೇವು, ತೆನೆ, ಎಲ್ಲ ಕೋಟೆಯ ಮಾತುಗಳೇ. ಬಾಯಲ್ಲಿ ಹೇಳಿ ನೋಡಿ, ಇವುಗಳಲ್ಲೇ ಒಂದು ಲೋಕ ಇದೆ. ಹಳಗನ್ನಡದಲ್ಲಿ ಊರಿಗೆ ಪೊಳಲ್ ಅನ್ನುತ್ತಿದ್ದರು. ಎಷ್ಟು ಚೆಂದ ಇದೆ ನೋಡಿ! ನೀವು ಕೊಪ್ಪಳದವರು ಬೇರೆ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ, ಅಂದರೆ ಅಚ್ಚ ಕನ್ನಡದ, ಸೀಮೆ ಹೇಳುವಾಗ ನಿಮ್ಮ ಕೊಪಣವನ್ನು ಮಹಾನಗರ ಅಂತ ಕರೆದಿದೆ. ಆ ಊರಿನವರು ಹೆಸರಿಗಾಗಿ ಸಾಲ ಮಾಡಬೇಕಾ?

ಕಥೆಯಲ್ಲಿ ಹಿಮ, ಮಂಜು ಇರಲೇಬೇಕಾ?
— ದೇವದುರ್ಗದ ಓದುಗರು

ಬೇಡ. ಹಗಲೆಲ್ಲ ಬಿಸಿಲು ಕುಡಿದ ಕಲ್ಲು ರಾತ್ರಿ ಹತ್ತರವರೆಗೂ ಬಿಸಿ ಉಗುಳುವ ಊರು, ಮಾಳಿಗೆಗೆ ನೀರು ಚಿಮುಕಿಸಿ ಚಾಪೆ ಹಾಸುವ ಜನ. ಮೇ ತಿಂಗಳ ರಾಯಚೂರನ್ನು ಇನ್ನೂ ಯಾರೂ ಬೇರೆ ಲೋಕಕ್ಕೆ ಒಯ್ದ ಹಾಗಿಲ್ಲ, ನೀವೇ ಒಯ್ಯಿರಿ.

ನನ್ನ ಕೋಟೆಗೆ ಆರು ತಿಂಗಳ ಮುತ್ತಿಗೆ. ಒಳಗಿನವರು ಏನು ತಿಂದು ಬದುಕುತ್ತಾರೆ? ಕಣಜ ಸುಟ್ಟುಹೋಗುತ್ತದೆ ಅಂತ ಆಗಲೇ ಬರೆದುಬಿಟ್ಟಿದ್ದೇನೆ.
— ಲಿಂಗಸೂಗೂರಿನ ಓದುಗರು

ಕಣಜ ಸುಟ್ಟರೆ ಸುಡಲಿ. ಹಗೇವು ಇದೆಯಲ್ಲ! ನೆಲದೊಳಗೆ ತೋಡಿದ ಜೋಳದ ಗುಂಡಿ. ಬಾಯಿ ಸಣ್ಣದು, ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಕೊಡದ ಹಾಗೆ ಅಗಲ. ಸುತ್ತ ಹೊಟ್ಟು, ಹುಲ್ಲು ಒತ್ತಿ, ಜೋಳ ತುಂಬಿ, ಬಾಯಿಗೆ ಬಂಡೆ ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ಮೇಲೆ ನಿಂತವರಿಗೆ ಕೆಳಗೆ ಕಾಳಿದೆ ಅಂತ ಗೊತ್ತೇ ಆಗುವುದಿಲ್ಲ. ಬೆಂಕಿ ತಾಗುವುದಿಲ್ಲ. ಶತ್ರು ಒಳಗೆ ಬಂದರೂ ತೋರಿಸುವವರು ಬೇಕು. ಹಗೇವು ಜೋಳದ ರೊಟ್ಟಿಗೆ ಒಂದು ವಾಸನೆ ಇರುತ್ತದೆ, ಗೋಡೆಗೆ ತಾಗಿದ ಕಾಳಿಗಂತೂ ಜಾಸ್ತಿ. ಚಿಕ್ಕವನಿದ್ದಾಗ ನಾನು ಅದನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದೆ. ನಮ್ಮಜ್ಜಿ ಬೈಯದೆ ಆ ರೊಟ್ಟಿಯನ್ನು ತಾನೇ ತಿನ್ನುತ್ತಿದ್ದಳು. ಬರಗಾಲ ಕಂಡವಳು ಅವಳು. ಆ ವಾಸನೆಯನ್ನು ನಿಮ್ಮ ಊರಿನ ಮಕ್ಕಳ ಕೈಗೂ ಹತ್ತಿಸಿ.

ಇನ್ನೊಂದು ಸಂಗತಿ. ಮುಚ್ಚಿದ ಹಗೇವು ತೆರೆದ ಕೂಡಲೇ ಯಾರೂ ಇಳಿಯಬಾರದು. ಕಾಳು ಒಳಗೇ ಉಸಿರಾಡಿ ಗಾಳಿಯೆಲ್ಲ ಕೆಟ್ಟಿರುತ್ತದೆ, ಇಳಿದವರು ಸತ್ತದ್ದೂ ಇದೆ. ಬಂಡೆ ಸರಿಸಿ, ಬಹಳ ಹೊತ್ತು ಹಾಗೇ ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಕೆಳಗೆ ಬಿಡುತ್ತಾರೆ. ದೀಪ ಆರಿದರೆ ಇನ್ನೂ ಕಾಯಬೇಕು. ನಿಮ್ಮ ಕೋಟೆಯಲ್ಲಿ ಆರನೇ ತಿಂಗಳು, ಕೊನೆಯ ಹಗೇವು, ಸುತ್ತ ಹಸಿದ ಜನ, ಹಗ್ಗ ಹಿಡಿದ ಮುದುಕಿ. ಕೆಳಗೆ ದೀಪ ಆರಿತು. ಅದನ್ನು ನೋಡಿದವಳು ಅವಳೊಬ್ಬಳೇ. ಎಲ್ಲರೂ ಅವಳ ಮುಖ ನೋಡುತ್ತಿದ್ದಾರೆ.