ಶಹಾಪುರದ ಕುರಿಗಳ ಗದ್ದದ ಬಾವು: ಪ್ರತಿಕ್ರಿಯೆ

ಮಳೆ ಮುಗಿದ ಮೇಲೆ 300 ಕುರಿಗಳಲ್ಲಿ 20ಕ್ಕೆ ಗದ್ದದ ಕೆಳಗೆ ಬಾವು, ಮೇಯ್ದರೂ ಸೊರಗುತ್ತಿವೆ ಅಂದಿದ್ದೀರಿ. ಇದು ಬಹುತೇಕ ಜಂತುಹುಳುವಿನ ಕೆಲಸ. ರಕ್ತ ಹೀರುವ ಹೊಟ್ಟೆಹುಳು ಇರಬಹುದು, ಇಲ್ಲವೇ ಲಿವರ್ ಹುಳು. ಕಾಲುವೆ ಬದಿ, ಭತ್ತದ ಗದ್ದೆಯಲ್ಲಿ ಮೇಯಿಸುತ್ತಿದ್ದರೆ ನನಗೆ ಲಿವರ್ ಹುಳುವಿನ ಅನುಮಾನವೇ ಜಾಸ್ತಿ. ಅಲ್ಲಿನ ಬಸವನಹುಳುವಿನಿಂದ ಅದು ಹರಡುತ್ತದೆ.

ಮೊದಲು ಕೆಳಗಿನ ಕಣ್ಣರೆಪ್ಪೆ ಎಳೆದು ನೋಡಿ. ಒಳಗೆ ಕೆಂಪಗಿರಬೇಕು. ಸುಣ್ಣದ ಹಾಗೆ ಬಿಳುಚಿಕೊಂಡಿದ್ದರೆ ಅಂಥ ಕುರಿಗಳನ್ನು ಬೇರೆ ಇಡಿ, ದೂರ ನಡೆಸಬೇಡಿ. ದಾರಿಯಲ್ಲೇ ಕುಸಿಯುತ್ತವೆ.

ಆಮೇಲೆ ಐದಾರು ಕುರಿಗಳ ಹಸಿ ಹಿಕ್ಕೆ ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಿರಿ. ಯಾವ ಹುಳು ಅಂತ ಕಣ್ಣು ನೋಡಿ ಹೇಳಲಾಗದು, ಹಿಕ್ಕೆ ಪರೀಕ್ಷೆಯೇ ಆಗಬೇಕು. ಸುಮ್ನೆ ಅಲ್ಬೆಂಡಜೋಲ್ ಅನ್ನೋ ಜಂತುಹುಳುವಿನ ಔಷಧ ತಂದು ಕುಡಿಸಬೇಡಿ. ಎಳೆಯ ಲಿವರ್ ಹುಳು ಅದಕ್ಕೆ ಸಾಯುವುದಿಲ್ಲ, ಈಗಷ್ಟೇ ಗಬ್ಬ ಕಟ್ಟಿದ ಕುರಿಯ ಮರಿಗೂ ಅಪಾಯ.

ಡಾಕ್ಟರು ಬರೆದ ಔಷಧವನ್ನು ತೂಕ ನೋಡಿಯೇ ಕೊಡಿ. ನಾನು ಒಮ್ಮೆ ಕಣ್ಣಂದಾಜಿನಲ್ಲಿ ಕುಡಿಸಿದ್ದೆ. ದೊಡ್ಡ ಕುರಿಗಳಿಗೆ ಸಾಲದೆ ಬಾವು ಮತ್ತೆ ಬಂತು. ಕುಡಿಸುವಾಗ ತಲೆ ತೀರಾ ಮೇಲೆತ್ತಬೇಡಿ, ಔಷಧ ಶ್ವಾಸಕೋಶಕ್ಕೆ ಇಳಿಯುತ್ತದೆ.

ಇಬ್ಬನಿ ಆರುವ ತನಕ ಹಟ್ಟಿಯಿಂದ ಬಿಡಬೇಡಿ. ಸದ್ಯಕ್ಕೆ ಕಾಲುವೆ ಬಿಟ್ಟು ಗುಡ್ಡದ ಕಡೆ ಮೇಯಿಸಿ. ಕುರಿ ಏಳದಂತಾದರೆ ಕಾಯಬೇಡಿ, ಪಶು ಆಂಬುಲೆನ್ಸ್‌ಗೆ 1962ಕ್ಕೆ ಫೋನ್ ಮಾಡಿ.